ನಾಲೆ ಮೇಲೆ, ಹಳ್ಳ ಕೆಳಗೆ

ಸೈಟಿನ ಕಾಗದ ಹುಡುಕಲು ಟ್ರಂಕು ತೆಗೆದರೆ ಸಿಕ್ಕಿದ್ದು ನನ್ನ ಕಾಲೇಜಿನ ಭೂಗೋಳದ ರೆಕಾರ್ಡ್ ಪುಸ್ತಕ. ನುಸಿಗುಳಿಗೆಯ ವಾಸನೆ ಹೊಡೆಯುತ್ತಿತ್ತು. ನಾಳೆ ಮೇಸ್ತ್ರಿ ಬಂದು ಕಾಂಪೌಂಡಿಗೆ ದಾರ ಕಟ್ಟುವವನಿದ್ದ. ನಾನು ಕಾಗದ ಮರೆತು ನೆಲದ ಮೇಲೇ ಕೂತು ಪುಟ ತಿರುವಿದೆ. ನಿಮಗೂ ಹೀಗೆ ಆಗಿರುತ್ತದೆ ಬಿಡಿ.

ಒಂದು ನಕ್ಷೆಯ ಮೇಲೆ ಕೆಂಪು ಇಂಕಿನ ಗೀಟು. ಊರಾಚೆ ಬಾತಿ ಹಳ್ಳಿ ಕಡೆಯ ಗದ್ದೆ ಬಯಲಿನ ನಕ್ಷೆ ಅದು. ನಡೆದು ನೋಡಿ ಬರೆಯಿರಿ ಎಂದಿದ್ದರು ಭೂಗೋಳದ ಮೇಡಂ. ಬಿಸಿಲಿಗೆ ಹೆದರಿದ ನಾನು ನಿಜಲಿಂಗಪ್ಪ ಬಡಾವಣೆಯ ನಮ್ಮ ಮನೆಯಲ್ಲಿ, ಫ್ಯಾನಿನ ಕೆಳಗೆ, ಮಂಡಕ್ಕಿ ತಿನ್ನುತ್ತಾ ಬರೆದಿದ್ದೆ. ನೀರು ಇರುವುದು ತಗ್ಗಿನಲ್ಲಿ ತಾನೇ? ಹಾಗಾಗಿ ನಾಲೆಯನ್ನು ಎಲ್ಲಕ್ಕಿಂತ ತಗ್ಗಿನಲ್ಲಿ ತೋರಿಸಿ, ನೀಲಿ ಬಣ್ಣವನ್ನೂ ಧಾರಾಳವಾಗಿ ಬಳಿದಿದ್ದೆ. ಹುಟ್ಟಿದಾಗಿನಿಂದ ನಾಲೆ ನೀರಿನ ಅನ್ನ ಉಂಡವಳ ಜಾಣತನ ಇದು.

"ನಾಲೆ ಕಂಡೀಯೇನವ್ವಾ ನೀನು? ನಡ್ಕೊಂಡು ಹೋಗಿ ನೋಡ್ಕೊಂಡು ಬಾ. ಅಲ್ಲಿತನ ನನ್ನ ಸಹಿ ಕೇಳಬ್ಯಾಡ," ಎಂದರು ಮೇಡಂ. ಸಹಿ ಇಲ್ಲದಿದ್ದರೆ ಪರೀಕ್ಷೆ ಇಲ್ಲ. ಅಳುತ್ತಲೇ ಹೋದೆ.

ಗದ್ದೆಯಲ್ಲಿ ಕಳೆ ಕೀಳುತ್ತಿದ್ದ ಅಜ್ಜಿಯೊಬ್ಬರು ನನ್ನ ಗೋಳು ಕೇಳಿ ನಕ್ಕುಬಿಟ್ಟರು. "ನಾಲೆ ತಗ್ಗಿನಾಗೆ ಇದ್ರೆ ನೀರು ಗದ್ದೆಗೆ ಹೆಂಗೆ ಹತ್ತುತೈತೆ ತಾಯಿ? ನಾಲೆ ಮ್ಯಾಲೈತೆ. ಗದ್ದೆ ಕುಡಿದು ಬಿಟ್ಟಿದ್ದು ಆ ಹಳ್ಳಕ್ಕೆ ಬೀಳತೈತೆ."

ನೋಡಿದರೆ ಮುಳ್ಳುಕಂಟಿಯ ನಡುವೆ ಬೆರಳಗಲ ನೀರು. ನನ್ನ ನಕ್ಷೆಯಲ್ಲಿ ಅದು ಇರಲೇ ಇಲ್ಲ.

"ಇಷ್ಟೇನಾ ಅಜ್ಜಿ?"

"ಮಳೆ ಹೊಡೆದಾಗ ಬಾ. ಎಮ್ಮೆ ಸೈತ ದಾಟಕ್ಕೆ ಹೆದರ್ತಾವೆ."

ನನಗೆ ಹಠ ಹತ್ತಿತು. ಮರುದಿನ ಹರಿಹರದ ಬಸ್ ಹತ್ತಿದೆ. ಸೇತುವೆಯ ಮೇಲೆ ನಿಂತು, ಇಂಥ ಹಳ್ಳಗಳೆಲ್ಲ ಹೋಗಿ ಸೇರುವ ತುಂಗಭದ್ರೆ ಎಷ್ಟು ಕೆಳಗಿದೆ ಎಂದು ಕಣ್ಣಾರೆ ನೋಡಿದೆ. ನಕ್ಷೆಯನ್ನು ಹೊಸದಾಗಿ ಬರೆದೆ, ಸಹಿ ಸಿಕ್ಕಿತು.

ಇಷ್ಟೆಲ್ಲ ಕಲಿತವಳು ಈಗೇನು ಮಾಡಿದ್ದೆ ಗೊತ್ತೇ? ಬಾತಿ ಹತ್ತಿರ ಕೊಂಡ ಸೈಟಿನ ಕಾಂಪೌಂಡ್ ಪ್ಲಾನನ್ನು ಸರಸ್ವತಿ ನಗರದ ಈ ಬಾಡಿಗೆ ಮನೆಯ ಸೋಫಾದಲ್ಲಿ ಕೂತೇ ಒಪ್ಪಿದ್ದೆ. ಸೈಟು ನನ್ನ ಹೆಸರಲ್ಲಿದೆ, ಪ್ಲಾನಿಗೆ ನನ್ನ ಸಹಿಯೊಂದೇ ಬಾಕಿ. ಹೊಸದಾಗಿ ಬರೆದಿದ್ದ ಆ ನಕ್ಷೆಯ ಪಕ್ಕ ಪ್ಲಾನ್ ಇಟ್ಟು ನೋಡಿದರೆ, ಹಿಂದಿನ ಗೋಡೆ ಬರುವುದು ಸರಿಯಾಗಿ ಅದೇ ಹಳ್ಳದ ಮೇಲೆ. ಗೋಡೆ ಎದ್ದರೆ ಮಳೆನೀರು ಪಕ್ಕದ ಮನೆಯ ಅಡುಗೆಕೋಣೆಗೆ ನುಗ್ಗುತ್ತದೆ. ನನಗೆ ನಿಜವಾಗಿ ನಾಚಿಕೆಯಾಯಿತು.

ಪೆನ್ಸಿಲ್ ತಂದು ಗೋಡೆಯ ಗೆರೆ ಅಳಿಸಿ, ಹತ್ತಡಿ ಈಚೆಗೆ ಎಳೆದೆ.

"ಒಣ ಹಳ್ಳಕ್ಕೆ ಯಾಕ ಅಷ್ಟು ಜಾಗ ಬಿಡ್ತೀಯ?" ಎಂದರು ನಮ್ಮ ಮನೆಯವರು. "ಬೇಗ ಸಹಿ ಹಾಕು."

"ಚಪ್ಪಲಿ ಹಾಕ್ಕೊಳ್ರಿ," ಎಂದೆ. "ನಡ್ಕೊಂಡು ಹೋಗಿ ನೋಡ್ಕೊಂಡು ಬರೋಣ. ಅಲ್ಲಿತನ ನನ್ನ ಸಹಿ ಕೇಳಬ್ಯಾಡ್ರಿ."