ಏಳು ಹೆಡೆಯ ಸೈತಾನ

ಶಹಾಬಾದಿನ ಕಲ್ಲುಗಣಿಗಳಲ್ಲಿ ತಮ್ಮಣ್ಣನಷ್ಟು ಜಂಬದ ಮನುಷ್ಯ ಮತ್ತೊಬ್ಬನಿರಲಿಲ್ಲ. ನಿಜಾಮನ ರಾಜ್ಯದಲ್ಲೆಲ್ಲ ಉಳಿ ಹಿಡಿಯಲು ಬರುವವನು ತಾನೊಬ್ಬನೇ ಎಂದು ತಿಳಿದಿದ್ದ ಮಹಾನುಭಾವ. ಜನ್ಮವಿಡೀ ಕೆತ್ತಿದ್ದು ಮಾತ್ರ ನಾಗರಕಲ್ಲು. ಕಾಲರಾ ಬಂದು ಹೆಂಡತಿ ಸತ್ತಾಗ, ನಾಗಪ್ಪ ತನ್ನ ಹರಕೆಗೆ ಓಗೊಡಲಿಲ್ಲವೆಂದು ಮುನಿಸಿಕೊಂಡು ವಾಡಿಯ ಪಾದ್ರಿಯ ಹತ್ತಿರ ಹೋಗಿ ಕಿರಿಸ್ತಾನನಾದ. ದೇವರ ಮೇಲೂ ಮುನಿಸಿಕೊಳ್ಳುವಷ್ಟು ದೊಡ್ಡವನು! ಅಂದಿನಿಂದ ತಾಯಿ ಬಸ್ಸಮ್ಮ ಮಗನ ಹೆಸರೆತ್ತಲಿಲ್ಲ. ಒಂದೇ ಮನೆ, ಒಂದೇ ಒಲೆ, ಮಾತು ಮಾತ್ರ ಇಲ್ಲ. ಅವಳು ಒಮ್ಮೆ ತನ್ನನ್ನು ಕರೆಯಲಿ ಎಂದು ಆ ಜಂಬದ ಮನುಷ್ಯ ಒಳಗೊಳಗೇ ಕಾಯುತ್ತಿದ್ದ.

ವಾಡಿಯಲ್ಲಿ ಚರ್ಚು ಏಳುತ್ತಿತ್ತು. ಬಾಗಿಲ ಮೇಲಿನ ಕಲ್ಲಿಗಾಗಿ ಪಾದ್ರಿ ಒಂದು ಚಿತ್ರ ತೋರಿಸಿದರು: ಏಳು ತಲೆಯ ಘಟಸರ್ಪ, ಅದನ್ನು ತುಳಿದು ನಿಂತ ಕುರಿಮರಿ.

"ಸರ್ಪವೇ ಸೈತಾನನು, ಕುರಿಮರಿಯೇ ನಮ್ಮ ಕರ್ತನು. ಕಡೆಗೆ ಕೇಡು ಸೋಲುವುದು, ಯೋಹಾನ!"

ಯೋಹಾನ ಎಂಬುದು ಅವರು ತಮ್ಮಣ್ಣನಿಗೆ ಇಟ್ಟ ಹೆಸರು. ಅವರನ್ನು ಬಿಟ್ಟು ಬೇರೆ ಯಾರೂ ಹಾಗೆ ಕರೆಯುತ್ತಿರಲಿಲ್ಲ.

"ನೋಡಕೋತ ಇರ್ರಿ ಸಾಹೇಬ್ರ, ಸೈತಾನನ ಸೊಕ್ಕ ಮುರೀತೀನಿ," ಎಂದ ತಮ್ಮಣ್ಣ.

ಮುರಿದ ಚಂದವೋ ಚಂದ! ಹಾವೆಂದರೆ ಅವನ ಉಳಿ ತಾನಾಗಿ ಓಡುತ್ತಿತ್ತು. ಏಳು ಹೆಡೆ ಬಿಚ್ಚಿ ಸೈತಾನ ಕಲ್ಲಿನ ತುಂಬ ಮೆರೆದ. ಕರ್ತನ ಪಾಲಿಗೆ ಉಳಿದದ್ದು ಮೇಲಿನ ಒಂದು ಮೂಲೆ. ಅಲ್ಲಿ ಕುರಿಮರಿ ಸಂತೆಯಲ್ಲಿ ತಪ್ಪಿಸಿಕೊಂಡಂತೆ ಪೆಚ್ಚಾಗಿ ನಿಂತಿತ್ತು.

ಕಲ್ಲು ಒಯ್ಯಲು ಪಾದ್ರಿ ಬಂಡಿ ತಂದ ದಿನವೇ ನಾಗರಪಂಚಮಿ. ನೋಡಿದರೆ ತಮ್ಮಣ್ಣನ ಅಂಗಳದಲ್ಲಿ ಓಣಿಯ ಹೆಂಗಸರೆಲ್ಲ ಸೇರಿದ್ದಾರೆ! ಹೆಡೆಗಳಿಗೆ ಅರಿಶಿನ, ಕುಂಕುಮ. ಎಲ್ಲರಿಗಿಂತ ಮುಂದೆ ಬಸ್ಸಮ್ಮ, ಪಂಚಮಿಯ ಪದ್ಧತಿಯಂತೆ ಮನೆಯವರ ಹೆಸರು ಹೇಳಿ ಹೇಳಿ ಹಾಲೆರೆಯುತ್ತಿದ್ದಳು.

"ನಮ್ಮಪ್ಪನ ಪಾಲು... ನಮ್ಮವ್ವನ ಪಾಲು..." ಅವಳ ಕೈ ತಡೆಯಿತು. "ನನ್ನ ಮಗ ತಮ್ಮಣ್ಣನ ಪಾಲು." ಆಮೇಲೆ ತಿರುಗಿ ಅವನ ಮುಖ ನೋಡಿದಳು. "ಭಾಳ ಚಂದ ಕಡದೀಯೋ ನಮ್ಮಪ್ಪಾ. ನಾಗಪ್ಪ ನಿನ್ನ ಕೈ ಬಿಟ್ಟಿಲ್ಲ."

ತಮ್ಮಣ್ಣ ಅವಳ ಕಡೆ ಒಂದು ಹೆಜ್ಜೆ ಇಟ್ಟ. ಅಲ್ಲಿಗೆ ಸುಮ್ಮನಿದ್ದಿದ್ದರೆ ಬದುಕಿಕೊಳ್ಳುತ್ತಿದ್ದ.

"ಸೈತಾನನಿಗೆ ಹಾಲೇ!" ಪಾದ್ರಿ ಕೂಗಿದರು. "ಆ ಹೆಡೆಗಳನ್ನು ಈಗಲೇ ಒಡೆದುಹಾಕು ಯೋಹಾನ. ಇಲ್ಲವಾದರೆ ಚಿತ್ತಾಪುರದ ಜಟ್ಟೆಪ್ಪನಿಂದ ಕೆತ್ತಿಸುತ್ತೇನೆ."

ಜಟ್ಟೆಪ್ಪ! ಉಳಿ ಹಿಡಿಯಲೂ ಬಾರದ ಜಟ್ಟೆಪ್ಪ! ಆ ಹೆಸರಿನ ಮುಂದೆ ತಾಯಿಯ ಮಾತು ಗಾಳಿಗೆ ಹೋಯಿತು. ತಮ್ಮಣ್ಣ ಗಣಿಯ ದೊಡ್ಡ ಸುತ್ತಿಗೆಯನ್ನೇ ಎತ್ತಿದ.

"ಬ್ಯಾಡೋ ತಮ್ಮಣ್ಣಾ," ಎಂದಳು ಬಸ್ಸಮ್ಮ.

ಹೊಡೆದೇ ಬಿಟ್ಟ.

ಶಹಾಬಾದಿನ ಕಲ್ಲು ಪದರು ಪದರಾಗಿ ಏಳುತ್ತದೆಂದು ಗಣಿಯ ಕತ್ತೆಗೂ ಗೊತ್ತು. ಒಂದೇ ಪೆಟ್ಟಿಗೆ ಮೇಲಿನ ಪದರು ಸೀಳಿ, ಹೆಡೆಗಳ ಸಂಗಡ ಕುರಿಮರಿಯೂ ನೆಲಕ್ಕೆ ಬಿತ್ತು. ಪಾದ್ರಿ ಖಾಲಿ ಬಂಡಿಯನ್ನು ಚಿತ್ತಾಪುರದ ಕಡೆ ತಿರುಗಿಸಿದರು.

ಬಸ್ಸಮ್ಮ ಚೂರುಗಳನ್ನು ಸೆರಗಿಗೆ ಆರಿಸಿಕೊಂಡಳು, ಕುರಿಮರಿಯನ್ನೂ ಬಿಡಲಿಲ್ಲ. ತಮ್ಮಣ್ಣ ನೆರವಿಗೆ ಬಗ್ಗಿದ. ಅವಳು ಅವನ ಕೈ ಸರಿಸಿ, ಪಕ್ಕದ ಮನೆಯ ಭೀಮಮ್ಮನಿಗೆ ಹೇಳಿದಳು: "ಸೈತಾನ, ಸೈತಾನ ಅಂದ್ರಲ್ಲವ್ವಾ ಆ ಸಾಹೇಬ್ರು. ಇವತ್ತ ನೋಡಿದೆ, ನನ್ನ ಹೊಟ್ಟ್ಯಾಗ ಹುಟ್ಟ್ಯಾನ."