ತಂತಿ ಓದುವ ಬಿ.ಎ.

ನಾನು ಅಂಗಳಕ್ಕೆ ಕಾಲಿಟ್ಟದ್ದೇ ತಡ, ಶಂಕ್ರಮ್ಮ ಎದೆ ಬಡಿದುಕೊಂಡು ಅಳತೊಡಗಿದಳು. “ನನ್ನ ಮಗಗ ಏನಾತ್ರಿ? ಓದಬ್ಯಾಡ್ರಿ, ಹಂಗ ಹೇಳಿಬಿಡ್ರಿ!”

ಅವಳ ಮಗ ಯುದ್ಧಕ್ಕೆ ಹೋಗಿದ್ದ. ನಿಜಾಮರ ಆಳ್ವಿಕೆಯಲ್ಲಿದ್ದ ನಮ್ಮ ಕುಷ್ಟಗಿಯ ಕಚೇರಿಗಳಲ್ಲೆಲ್ಲ ಉರ್ದು. ಇಂಗ್ಲಿಷ್ ಬಿ.ಎ. ಮಾಡಿದ ನನಗೆ ಸಿಕ್ಕ ಕೆಲಸವೆಂದರೆ ಊರವರಿಗೆ ಇಂಗ್ಲಿಷಿನಲ್ಲಿ ಬಂದ ತಂತಿ, ಅಂದರೆ ಟೆಲಿಗ್ರಾಂ, ಓದಿ ಹೇಳುವುದು. ತಂತಿ ಬರುತ್ತಿದ್ದದ್ದು ಹೆಚ್ಚಾಗಿ ಸಾವಿನ ಸುದ್ದಿ ಹೊತ್ತೇ. ಸುಮ್ಮನೆ ಮಾತಾಡಲು ನನ್ನನ್ನು ಯಾರೂ ಕರೆಯುತ್ತಿರಲಿಲ್ಲ.

“ಏನೂ ಆಗಿಲ್ಲ ಯವ್ವಾ, ತಂಗಿ ಲಗ್ನಕ್ಕ ಕರಿಯಾಕ ಬಂದೀನಿ,” ಎಂದು ಮುಷ್ಟಿ ಬಿಚ್ಚಿ ಅಕ್ಷತೆ ತೋರಿಸಿದೆ. ಪಕ್ಕದ ಮನೆಯ ಬಾಗಿಲು ಆಗಲೇ ಮುಚ್ಚಿಕೊಂಡಿತ್ತು.

ಉಳಿದ ಮನೆಗಳಿಗೆ ಅಪ್ಪನೇ ಹೋಗಿಬಂದರು. ಲಗ್ನದ ದಿನ ಶಂಕ್ರಮ್ಮ ನಗುತ್ತಲೇ ಬಂದಳು. ಎದುರು ನಿಂತ ನನ್ನ ಕೈಗಳನ್ನು ಮೊದಲು ನೋಡಿದಳು, ಆಮೇಲೆ ಮುಖ.