ಅರಳಿಮರದ ಕೆಳಗೆ ರೋಮನ್ ದಳಪತಿ

ನಮ್ಮ ಅಡುಗೆಮನೆಯ ನಲ್ಲಿ ಯುಗಾದಿಯಿಂದ ಸೋರುತ್ತಿದೆ. ಗಂಡನನ್ನು ಕೇಳಿದರೆ "ಟೈಮ್ ಎಲ್ಲಿದೆ?" ಅನ್ನುತ್ತಾರೆ. ಅದೇ ಮನುಷ್ಯ ಭಾನುವಾರ ಇಡೀ ದಿನ ಭೂತಗನ್ನಡಿ ಹಿಡಿದು, ಗೇಣುದ್ದದ ರೋಮನ್ ಸೈನಿಕನ ಚಪ್ಪಲಿಯ ಬಾರಿಗೆ ಬಣ್ಣ ಹಚ್ಚುತ್ತಾರೆ. (ಅವರ ಸ್ವಂತ ಚಪ್ಪಲಿಯ ಬಾರು ಕಿತ್ತುಹೋಗಿದೆ. ಅದು ಬೇರೆ ವಿಷಯ.)

ದೆಹಲಿಯ ದ್ವಾರಕಾದ ನಮ್ಮ ಪುಟ್ಟ ಫ್ಲ್ಯಾಟಿನಲ್ಲಿ ಒಂದು ಶೋಕೇಸ್ ತುಂಬ ಇವರ ಸೈನ್ಯ. ಮುರಿದ ಸೈನಿಕರನ್ನು ಇಂಟರ್‌ನೆಟ್‌ನಲ್ಲಿ ಹುಡುಕಿ ತರಿಸುವುದು, ಕೈಕಾಲು ಜೋಡಿಸುವುದು. ಆಸ್ಪತ್ರೆಯೇ ಸರಿ! ಈಚೆಗೆ ಕೆಂಪು ಜುಟ್ಟಿನ ಶಿರಸ್ತ್ರಾಣದ ದಳಪತಿಯೊಬ್ಬ ಬಂದ. ಬಲಗೈ ಇರಲಿಲ್ಲ. ಇವರೇ ಕೆತ್ತಿದರು, ಉಗುರು ಸಮೇತ. ಅಂಟಿಸುವುದೊಂದೇ ಬಾಕಿ ಇತ್ತು.

ಅಷ್ಟರಲ್ಲಿ ದಸರೆಗೆಂದು ತುಮಕೂರಿನಿಂದ ಅತ್ತೆ ಬಂದರು.

"ಏನೇ ಇದು, ಭಿನ್ನವಾದ ಮೂರ್ತಿ ಮನೇಲಿಟ್ಕೊಂಡಿದೀರಲ್ಲ!"

"ದೇವರಲ್ಲ ಅತ್ತೆ, ರೋಮನ್ ಸೈನಿಕ."

"ಯಾರಾದ್ರೇನು? ಕೈ ಮುರಿದಿದೆ ತಾನೆ?"

ದೆಹಲಿಯವರು ಮುರಿದ ಮೂರ್ತಿಗಳನ್ನು ಅರಳಿಮರದ ಬುಡದಲ್ಲಿ ಇಟ್ಟುಬರುವುದನ್ನು ಅತ್ತೆ ವಾಕಿಂಗ್ ಹೋದಾಗ ನೋಡಿದ್ದರು. ಮರುದಿನ ನಮ್ಮ ದಳಪತಿಯೂ ಸೊಸೈಟಿ ಗೇಟಿನ ಅರಳಿಮರ ಸೇರಿದ.

ಸಂಜೆ ಆಫೀಸಿನಿಂದ ಬಂದ ಗಂಡ ಓಡಿದರು. ಹಿಂದೆ ನಾನು. ಆಗಲೇ ದಳಪತಿಯ ಹಣೆಗೆ ಸಿಂಧೂರ, ಕೊರಳಿಗೆ ಚೆಂಡುಹೂವು! ಇವರು ಕೈ ಚಾಚಿದ್ದೇ, ದೇವರನ್ನು ಮುಟ್ಟಬೇಡಿ ಎಂದು ವಾಚ್‌ಮನ್ ಗದರಿದ. "ಅರೇ ಸಾಬ್, ಭಗವಾನ್ ಕೋ ಮತ್ ಛೂನಾ!"

"ಭಯ್ಯಾ, ಯೇ ರೋಮ್ ಕಾ ಹೈ," ಎಂದರು ಇವರು.

ಪಕ್ಕದಲ್ಲಿದ್ದ ಮೂರನೇ ಮಹಡಿಯ ಆಂಟಿ ಕೈಮುಗಿದೇಬಿಟ್ಟರು. "ಅಚ್ಛಾ! ಇತ್ನೀ ದೂರ್ ಸೇ ಆಯೇ ಹೈಂ?" ಅಷ್ಟು ದೂರದಿಂದ ಬಂದ ದೇವರಲ್ಲವೇ!

ಮನೆಗೆ ಬಂದು ಶೋಕೇಸಿನ ಮುಂದೆ ಕೂತ ಗಂಡನನ್ನು ನೋಡಿ ನನಗೆ ನಿಜಕ್ಕೂ ಸಂಕಟವಾಯಿತು. ಕೆತ್ತಿದ ಆ ಪುಟ್ಟ ಕೈ ಇವರ ಅಂಗೈಯಲ್ಲೇ ಇತ್ತು. ಅತ್ತೆಯ ಮನಸ್ಸೂ ಕರಗಿತು.

"ಹೋಗಿ ಕೈ ಅಂಟಿಸಿಬಿಡೋ. ಆಮೇಲೆ ಅದು ಭಿನ್ನ ಅಲ್ಲ. ಧಾರಾಳವಾಗಿ ಮನೆಗೆ ತಗೊಂಡು ಬಾ."

ಬೆಳಿಗ್ಗೆ ವಾಕಿಂಗ್ ನೆಪದಲ್ಲಿ ಹೋಗಿ ಅಂಟಿಸಿದರು. ಒಣಗಲಿ ಎಂದು ಕಾಫಿಗೆ ಬಂದರು. ಮತ್ತೆ ಹೋದರೆ ಮರದ ಸುತ್ತ ಜನವೋ ಜನ! ದೇವರಿಗೆ ರಾತ್ರೋರಾತ್ರಿ ಕೈ ಬಂದಿದೆಯಂತೆ. ಆಂಟಿ ಹಲ್ವಾ ಹಂಚುತ್ತಿದ್ದರು. ಕೈ ಕೆತ್ತಿದ ಮಹಾನುಭಾವರಿಗೂ ಒಂದು ಚಮಚ ಪ್ರಸಾದ ಸಿಕ್ಕಿತು. ನಾನೇ ಅಂಟಿಸಿದ್ದು ಎಂದರೆ ಆ ಗುಂಪಿನಲ್ಲಿ ಯಾರು ನಂಬುತ್ತಾರೆ? ನಂಬಿದರೂ ಬಿಡುತ್ತಾರೆಯೇ?

ದಳಪತಿ ಇನ್ನು ಮನೆಗೆ ಬರುವ ಹಾಗಿಲ್ಲ. ಇವರು ದಿನಾ ಆಫೀಸಿಗೆ ಹೋಗುವಾಗ ಅಂಟು ಬಿಟ್ಟಿಲ್ಲ ತಾನೆ ಎಂದು ಬಗ್ಗಿ ನೋಡುತ್ತಾರೆ. ಜನ ಭಕ್ತಿ ಅಂದುಕೊಂಡಿದ್ದಾರೆ.

ಅಡುಗೆಮನೆಯ ನಲ್ಲಿ ಸೋರುತ್ತಲೇ ಇದೆ. ಅದನ್ನೂ ಬಿಚ್ಚಿ ಅರಳಿಮರದ ಕೆಳಗೆ ಇಟ್ಟುಬಂದರೆ, ಈ ಮನುಷ್ಯ ರಿಪೇರಿ ಮಾಡಿಯಾರೇ?